ಸಮುದ್ರದ ಪಕ್ಕ ಕೂತು ಪ್ಯಾಕೆಟ್ ಉಪ್ಪು: ಉಪ್ಪುನೀರಿನ ಟ್ಯಾಂಕ್‌ನ ಜೊತೆ ಎರಡು ವರ್ಷ

ನಮ್ಮ ಮನೆ ಸುರತ್ಕಲ್‌ನಲ್ಲಿ. ರಾತ್ರಿ ಗಾಳಿ ಈ ಕಡೆ ತಿರುಗಿದರೆ ಅಲೆಯ ಸದ್ದು ಕೇಳುತ್ತದೆ. ಅಂಥ ಮನೆಗೆ, ಮೀನಿನ ಟ್ಯಾಂಕ್‌ಗೆ ಅಂತ, ಕೊರಿಯರ್‌ನಲ್ಲಿ ಸಮುದ್ರದ ಉಪ್ಪು ಬರುತ್ತದೆ. "ಎಂತ ಮಾರಾಯಾ, ಎದುರಿಗೆ ಅಷ್ಟು ದೊಡ್ಡ ಸಮುದ್ರ ಉಂಟು, ನೀನು ದುಡ್ಡು ಕೊಟ್ಟು ಉಪ್ಪು ತರಿಸುವುದಾ?" ಅಂತ ಚಿಕ್ಕಪ್ಪ ಕೇಳಿದಾಗ ನನಗೂ ಹೌದಲ್ವಾ ಅನ್ನಿಸಿತ್ತು. ಹಾಗನ್ನಿಸಿದ್ದೇ ತಪ್ಪಾಯಿತು.

ಟ್ಯಾಂಕ್ ಹಳೆಯದೇ. ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರ. ನೀರು ಸುಮಾರು 110 ಲೀಟರ್ ಹಿಡಿಯುತ್ತದೆ. ಮೊದಲು ಅದರಲ್ಲಿ ಗಪ್ಪಿ, ಏಂಜಲ್ ಇದ್ದವು. ಅವನ್ನು ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ. ಕಪ್ಪು ಕಲ್ಲು, ಮರದ ಬೇರು ಎರಡೂ ಹೊರಗೆ ಹೋದವು. ಫಿಲ್ಟರ್ ಮಾತ್ರ ಉಳಿಯಿತು. ತಳಕ್ಕೆ ಹವಳದ ಬಣ್ಣದ ಮರಳು ಬಂತು, ಕಲ್ಲಿನ ಬದಲು ಸೆರಾಮಿಕ್ ತುಂಡುಗಳು ಬಂದವು. ನಿಜವಾದ ಹವಳದ ಕಲ್ಲು ಇಡುವ ಆಸೆ ಯಾರಿಗಾದರೂ ಇದ್ದರೆ ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ಫಿಲ್ಟರ್‌ನ ಒಂದು ಖಾನೆಗೆ ಮಾತ್ರ ಮರುವಾಯಿ (ಚಿಪ್ಪುಮೀನು) ಸುಕ್ಕ ಮಾಡಿದ ದಿನ ಉಳಿದ ಚಿಪ್ಪನ್ನು ಕುದಿಸಿ, ಒಡೆದು ತುಂಬಿದೆ. ಅಷ್ಟಾದರೂ ಊರಿನದ್ದು ಇರಲಿ ಅಂತ.

ಸಿಹಿನೀರಿನ ಫಿಲ್ಟರ್‌ನಲ್ಲಿದ್ದ ಬ್ಯಾಕ್ಟೀರಿಯಾ ಉಪ್ಪುನೀರಿನಲ್ಲಿ ಕೆಲಸಕ್ಕೆ ಬರುವುದಿಲ್ಲ ಅಂದುಕೊಂಡೇ ಶುರು ಮಾಡಬೇಕು. ಮೀನಿಗೆ ವಿಷವಾದ ಅಮೋನಿಯಾವನ್ನು ಹೊಸ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡಿ, ಅದು ನೈಟ್ರೇಟ್ ಆಗುವ ತನಕ ಮೀನು ಬಿಡುವಂತಿಲ್ಲ. ಆ ಬ್ಯಾಕ್ಟೀರಿಯಾ ಬೆಳೆಯಲು ಅಮೋನಿಯಾ ಹುಟ್ಟಲಿ ಅಂತ ಒಂದು ಹಸಿ ಸಿಗಡಿಯನ್ನು ಬಲೆಯಲ್ಲಿ ಕಟ್ಟಿ ಇಳಿಸಿದೆ. "ತಿನ್ನುವ ಸಿಗಡಿಯನ್ನು ಕೊಳೆಯಲಿಕ್ಕೆ ಹಾಕುವವನನ್ನು ಇವತ್ತೇ ನೋಡಿದ್ದು" ಅಂದರು ಅಮ್ಮ. ಐದು ವಾರ ಹಾಲ್‌ನಲ್ಲಿ ಬಂದರಿನ ವಾಸನೆ.

ಮಾರ್ಚ್‌ನಲ್ಲಿ ಹ್ಯಾಚರಿಯಲ್ಲಿ ಹುಟ್ಟಿದ ಎರಡು ಕ್ಲೌನ್ ಮೀನು ಬಂದವು. ಗಾಜು ಸ್ವಚ್ಛ ಮಾಡಲು ಐದು ಸಮುದ್ರದ ಬಸವನಹುಳುಗಳೂ ಬಂದವು.

ಈಗ ಉಪ್ಪಿನ ವಿಷಯ. ಬೇಸಿಗೆಯಲ್ಲಿ ಕಡಲಿನಿಂದ ಕ್ಯಾನ್‌ನಲ್ಲಿ ನೀರು ತಂದೆ. ಏನೂ ತೊಂದರೆಯಾಗಲಿಲ್ಲ, ಚಿಕ್ಕಪ್ಪನೇ ಗೆದ್ದರು. ಮಳೆ ಶುರುವಾದ ಮೇಲೆ ನಮ್ಮ ಬೀಚ್‌ನಲ್ಲಿ ನೀರಿಗೆ ಇಳಿಯುವ ಹಾಗಿಲ್ಲ. ಅದಕ್ಕೆ ಬೈಕ್ ನೀರಿನ ಹತ್ತಿರದವರೆಗೆ ಹೋಗುತ್ತದೆ ಅಂತ ಸಸಿಹಿತ್ಲು ಕಡೆ ಹೋದೆ. ಅಲ್ಲಿ ಶಾಂಭವಿ, ನಂದಿನಿ ಎರಡೂ ನದಿಗಳು ಸಮುದ್ರ ಸೇರುತ್ತವೆ. ಜುಲೈಯಲ್ಲಿ ಅಲ್ಲಿಂದ ತಂದ ನೀರಿನಲ್ಲಿ ಎಷ್ಟು ಸಮುದ್ರ, ಎಷ್ಟು ಮಳೆ ಇರುತ್ತದೆ ಅಂತ ಯಾರಿಗಾದರೂ ಗೊತ್ತಾಗಬೇಕಿತ್ತು. ನನಗೆ ಗೊತ್ತಾಗಲಿಲ್ಲ. ಕೆಂಪು ನೀರನ್ನು ಬಟ್ಟೆಯಲ್ಲಿ ಸೋಸಿ, ಕೆಸರು ಇಳಿದ ಮೇಲೆ ಸುರಿದೆ. ಹದಿನೈದು ದಿನಕ್ಕೆ 20 ಲೀಟರ್, ನಾಲ್ಕು ಸಲ.

ಯಾಕೆ ಗೊತ್ತಾಗಲಿಲ್ಲ ಅಂದರೆ ನೀರಿನ ಸಾಂದ್ರತೆಯಿಂದ ಉಪ್ಪು ಅಳೆಯುವ ಹೈಡ್ರೋಮೀಟರ್ ಎಲ್ಲ ಸರಿ ಇದೆ ಅನ್ನುತ್ತಿತ್ತು. ಪ್ಲಾಸ್ಟಿಕ್ ಡಬ್ಬಿಯೊಳಗೆ ಮುಳ್ಳು ಏಳುವ ಅಗ್ಗದ ಮಾದರಿ. ಪ್ರತಿ ಸಲ 1.024. ಸಮುದ್ರದ ನೀರು 1.025ರ ಆಸುಪಾಸು ಇರಬೇಕು, ಹಾಗಾಗಿ ನಾನು ಖುಷಿಯಾಗಿದ್ದೆ. ಆಗಸ್ಟ್‌ನಲ್ಲಿ ಬಸವನಹುಳುಗಳು ಒಂದೊಂದಾಗಿ ಗಾಜಿನಿಂದ ಜಾರಿ ಬಿದ್ದವು. ಮೀನು ಆರಾಮಾಗಿ ತಿನ್ನುತ್ತಿದ್ದವು. ಹಿಂದೆ ಏಂಜಲ್‌ಗೆ ಬಿಳಿ ಚುಕ್ಕೆ ರೋಗ ಬಂದಾಗ ತಾಮ್ರದ ಔಷಧಿ ಹಾಕಿದ್ದೆ. ಆ ತಾಮ್ರ ಸಿಲಿಕೋನ್ ಅಂಟಿನಲ್ಲಿ ಉಳಿದು ಹುಳುಗಳನ್ನು ಕೊಂದಿತು ಅಂದುಕೊಂಡು ಟ್ಯಾಂಕನ್ನೇ ಎಸೆಯಲು ಹೊರಟಿದ್ದೆ.

ಕುಂದಾಪುರದಲ್ಲಿ ಸಿಗಡಿ ಕೆರೆ ನೋಡಿಕೊಳ್ಳುವ ಗೆಳೆಯ ಊಟಕ್ಕೆ ಬಂದಿದ್ದ. ಅವನ ಬ್ಯಾಗಿನಲ್ಲಿ ಬೆಳಕಿನಿಂದ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಯಾವಾಗಲೂ ಇರುತ್ತದೆ. ಒಂದು ಹನಿ ಹಾಕಿ, ಟ್ಯೂಬ್‌ಲೈಟ್ ಕಡೆ ಹಿಡಿದು ನೋಡಿದ. "ಉಪ್ಪು ಸಾವಿರಕ್ಕೆ 24 ಉಂಟು. 35ರ ಹತ್ತಿರ ಇರಬೇಕಿತ್ತು. ನಿನ್ನದು ಸಮುದ್ರ ಅಲ್ಲ, ಅಳಿವೆ" ಅಂದ. ಮೀನು ಅಷ್ಟು ಕಡಿಮೆ ಉಪ್ಪನ್ನೂ ತಡೆದುಕೊಳ್ಳುತ್ತದೆ, ಹುಳುಗಳ ಕೈಲಿ ಆಗುವುದಿಲ್ಲ. ಆಮೇಲೆ ನನ್ನ ಹೈಡ್ರೋಮೀಟರ್ ತಗೊಂಡು ಮುಳ್ಳನ್ನು ತೋರಿಸಿದ. ಅದಕ್ಕೆ ಸಾಸಿವೆಗಿಂತ ಸಣ್ಣ ಗಾಳಿಗುಳ್ಳೆಗಳು ಅಂಟಿದ್ದವು. ಗುಳ್ಳೆ ಮುಳ್ಳನ್ನು ಮೇಲೆ ಎತ್ತುತ್ತದೆ, ಉಪ್ಪು ಜಾಸ್ತಿ ಇದ್ದಂತೆ ಕಾಣುತ್ತದೆ. ಮುಳ್ಳಿನ ಮೇಲೆ ಉಪ್ಪು ಗಟ್ಟಿಯಾದರೆ ಉಲ್ಟಾ ಸುಳ್ಳು. ತಟ್ಟಿ ಗುಳ್ಳೆ ಬಿಡಿಸಿ, ಪ್ರತಿ ಸಲ ಸಿಹಿನೀರಲ್ಲಿ ತೊಳೆದರೆ ಪರವಾಗಿಲ್ಲವಂತೆ. ಎಷ್ಟು ಜನ ತೊಳೆಯುತ್ತಾರೆ?

ಹಾಗೆ ಪ್ಯಾಕೆಟ್ ಉಪ್ಪು ಮನೆಗೆ ಬಂತು. 20 ಲೀಟರ್ ಬಕೆಟ್‌ಗೆ ಸುಮಾರು 700 ಗ್ರಾಂ, ಒಳಗೊಂದು ಸಣ್ಣ ಪಂಪ್, ರಾತ್ರಿಯಿಡೀ ತಿರುಗಲಿ. ಬೆಳಿಗ್ಗೆ ಹಾಲಿನಂತಿದ್ದ ನೀರು ತಿಳಿಯಾಗಿರುತ್ತದೆ. ತಿಂಗಳಿಗೆ ಸುಮಾರು 500 ರೂಪಾಯಿ ಖರ್ಚು. ಚಿಕ್ಕಪ್ಪ ಅದಕ್ಕೂ ದಾರಿ ಹೇಳಿದ್ದರು, ಅಡುಗೆ ಉಪ್ಪು. ಅದರಲ್ಲಿ ಸಮುದ್ರದ ನೀರಿನ ಮೆಗ್ನೀಷಿಯಂ, ಕ್ಯಾಲ್ಸಿಯಂ ಇಲ್ಲ, ಬರೀ ಉಪ್ಪಿನಕಾಯಿಗೆ ಸರಿ.

ದುಡ್ಡು ಕೊಡುವಾಗ ಈಗಲೂ ಬೇಜಾರೇ. ಆದರೆ ಬೆಳಿಗ್ಗೆ ಆರಕ್ಕೆ ಏಳಲು ನನಗೆ ಕಾರಣ ಸಿಕ್ಕಿದ್ದು ಈ ಟ್ಯಾಂಕ್‌ನಿಂದ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು. ಗಾಜಿಗೆ ಒಂದು ಟೇಪ್ ಅಂಟಿಸಿದ್ದೇನೆ, ನೀರಿನ ಮಟ್ಟ ಅದರ ಕೆಳಗೆ ಎಷ್ಟು ಇಳಿದಿದೆ ನೋಡುತ್ತೇನೆ. ಏಪ್ರಿಲ್‌ನಲ್ಲಿ ನೀರು ಬಿಸಿಯಾಗದಿರಲಿ ಅಂತ ಮೇಲೆ ಸಣ್ಣ ಫ್ಯಾನ್ ಹಾಕಿದರೆ ದಿನಕ್ಕೆ ಒಂದು ಲೀಟರ್ ಬೇಕು. ಮಳೆಗಾಲದಲ್ಲಿ ಅರ್ಧ ಚೊಂಬು ಸಾಕು. ಫಿಲ್ಟರ್ ಬಾಯಿಗೆ ಆರ್‌ಒ ನೀರನ್ನು ನಿಧಾನಕ್ಕೆ ಸುರಿಯುವಾಗ ದೊಡ್ಡ ಕ್ಲೌನ್ ಬಂದು ನನ್ನ ಬೆರಳಿಗೆ ಮೂತಿ ತಾಗಿಸುತ್ತದೆ. ದೊಡ್ಡದೇ ಹೆಣ್ಣು. ಇಬ್ಬರೂ ಚಿಕ್ಕವರಿದ್ದಾಗ ಗೊತ್ತಾಗುತ್ತಿರಲಿಲ್ಲ, ಯಾರು ಜೋರು ಮಾಡಿದರೋ ಅವರು ಹೆಣ್ಣಾದರು. ಗಂಡು ಹಿಂದೆ ನಿಂತು ಮೈ ನಡುಗಿಸಿ ಒಪ್ಪಿಗೆ ಹೇಳುತ್ತದೆ. ಇಷ್ಟು ನೋಡಿ, ಅಂಚಿನಲ್ಲಿ ಬೆಳ್ಳಗೆ ಕೂತ ಉಪ್ಪಿನ ಪುಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಚಹಾಕ್ಕೆ ಹೋಗುತ್ತೇನೆ. ಆ ಪುಡಿ ವೈರ್ ಹಿಡಿದು ಪ್ಲಗ್‌ವರೆಗೂ ಹೋಗುತ್ತದೆ, ವೈರ್ ಒಂದು ಕಡೆ ಕೆಳಗೆ ಬಾಗಿರುವಂತೆ ಬಿಡಿ. ಸ್ಟ್ಯಾಂಡಿನ ಸ್ಕ್ರೂಗಳಿಗೆ ತುಕ್ಕು ಹಿಡಿದಿದೆ, ಆದರೆ ನಮ್ಮೂರಲ್ಲಿ ಕತ್ತರಿಗೂ ಹಿಡಿಯುತ್ತದೆ.

ಉಪ್ಪಿಗೆ ಐದಕ್ಕೆ ನಾಲ್ಕು, ಬೆಲೆಗೆ ಒಂದು ಕಳೆದು. ಹೈಡ್ರೋಮೀಟರ್‌ಗೆ ಒಂದು, ಅದೂ ಡಬ್ಬಿ ಒಡೆಯಲಿಲ್ಲ ಅಂತ. ದಿನಾ ಐದು ನಿಮಿಷ, ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೊಡಲಾಗದವರು ಗಪ್ಪಿಯಲ್ಲೇ ಇರಿ.

ರಿಫ್ರ್ಯಾಕ್ಟೋಮೀಟರ್ ಇನ್ನೂ ಗೆಳೆಯನದ್ದೇ. ಸಿಗಡಿ ಕೆರೆಗೆ ಹೊಸ ಮರಿ ಬಿಡುವ ಮೊದಲು ವಾಪಸ್ ಬೇಕು ಅಂತ ನಿನ್ನೆ ಎರಡನೇ ಸಲ ಫೋನ್ ಮಾಡಿದ.