ಸೋಫಾ ತೊಳೆಯುವ ಮಷಿನ್: ಮೂರು ವರ್ಷ ಬಳಸಿದ ಮೇಲೆ

ನಮ್ಮ ಸೋಫಾ ತಿಳಿ ಬೂದು ಬಣ್ಣದ್ದು, ಪಾಲಿಯೆಸ್ಟರ್ ಬಟ್ಟೆ. ಮನೆಯಲ್ಲಿ ಇಬ್ಬರು ಮಕ್ಕಳು, ಜೊತೆಗೆ ದಿನಾ ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಮಾವನವರು. ಅಂಗಡಿಯಲ್ಲಿ ಆ ಬಣ್ಣ ಆರಿಸುವಾಗ ಬುದ್ಧಿ ಎಲ್ಲಿತ್ತೋ! ಕ್ಲೀನಿಂಗ್‌ನವರನ್ನು ಎರಡು ಸಲ ಕರೆಸಿದೆವು. ಎರಡು ಸಲವೂ ಕುಶನ್ ಮೂರು ದಿನ ಒದ್ದೆಯಾಗಿಯೇ ಇತ್ತು. ಬೇಸತ್ತು ಸುಮಾರು 11,000 ರೂಪಾಯಿ ಕೊಟ್ಟು ಈ ಮಷಿನ್ ತಂದೆವು. ನೀರು ಚಿಮ್ಮಿಸುತ್ತದೆ, ಬ್ರಷ್ಷಿನಲ್ಲಿ ಉಜ್ಜಿದ ಮೇಲೆ ಕೊಳೆನೀರನ್ನು ವಾಪಸ್ ಎಳೆದುಕೊಳ್ಳುತ್ತದೆ.

ಮೊದಲ ದಿನ ಟ್ಯಾಂಕಿನಲ್ಲಿ ತುಂಬಿದ್ದು ಗಟ್ಟಿ ಡಿಕಾಕ್ಷನ್ ಬಣ್ಣದ ನೀರು. ಇದರ ಮೇಲೆ ಕೂತು ಉಪ್ಪಿಟ್ಟು ತಿಂದಿದ್ದೆವಲ್ಲ ಅಂತ ಅಸಹ್ಯವಾಯಿತು.

ಆದರೆ ತಿಂಗಳಿಗೇ ಅದೇ ಜಾಗ ಮೊದಲಿಗಿಂತ ಕಪ್ಪಾಯಿತು. ತಪ್ಪು ನನ್ನದು. ಸೋಪು ಜಾಸ್ತಿ ಹಾಕಿದ್ದೆ. ಬಟ್ಟೆಯಲ್ಲಿ ಉಳಿದ ಸೋಪಿಗೆ ಧೂಳು ಅಂಟಿಕೊಂಡಿತ್ತು. ಈಗ ಡಬ್ಬದ ಮೇಲೆ ಹೇಳಿದ್ದರಲ್ಲಿ ಅರ್ಧ ಸೋಪು ಸಾಕು. ಒಂದು ಸಲ ನೀರು ಬಿಟ್ಟರೆ ಮೂರು ಸಲ ಬರೀ ಎಳೆಯುತ್ತೇನೆ. ಫ್ಯಾನ್ ಹಾಕಿದರೆ ಸಂಜೆಗೆ ಒಣಗುತ್ತದೆ. ಜಡಿಮಳೆಯ ದಿನಗಳಲ್ಲಿ ಮಾತ್ರ ಮಷಿನ್ ಮುಟ್ಟುವುದಿಲ್ಲ, ಫೋಮ್ ಮುಗ್ಗಲು ವಾಸನೆ ಹಿಡಿಯುತ್ತದೆ.

ನಮ್ಮದು ಬೋರ್‌ವೆಲ್‌ನ ಗಡಸು ನೀರು. ಕಲೆ ಹೋದ ಜಾಗದ ಸುತ್ತ ಬಿಳಿ ಬಳೆಯಂಥ ಗುರುತು ಉಳಿಯುತ್ತಿತ್ತು. ಈಗ ಕೊನೆಯ ಸುತ್ತಿಗೆ ಆರ್‌ಒ ನೀರು. ಕಲೆಯಷ್ಟನ್ನೇ ಒದ್ದೆ ಮಾಡದೆ ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಪೂರ್ತಿ ತೊಳೆಯುತ್ತೇನೆ.

ಅರಿಶಿನದ ಮುಂದೆ ಮಷಿನ್ ಸೋತಿತು. ಮಗ ಸಾಂಬಾರ್ ಚೆಲ್ಲಿದಾಗ ಗಾಬರಿಯಲ್ಲಿ ಬಟ್ಟೆ ಸೋಪು ತಿಕ್ಕಿದೆ, ಹಳದಿ ಕಲೆ ಕುಂಕುಮದ ಹಾಗೆ ಕೆಂಪಾಯಿತು. ಕ್ಷಾರ ತಗುಲಿದರೆ ಅರಿಶಿನ ಕೆಂಪಾಗುತ್ತದೆ ಅನ್ನೋದು ಆರತಿ ತಟ್ಟೆಗೆ ಸುಣ್ಣ ಕಲಸುವ ನಮಗೆ ಗೊತ್ತಿಲ್ಲವೇ? ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೆ. ಚೆನ್ನಾಗಿ ನೀರಲ್ಲಿ ತೊಳೆದ ಮೇಲೆ ಮತ್ತೆ ಹಳದಿಗೆ ತಿರುಗಿತು. ಕವರ್ ಬಿಚ್ಚಿ, ಕಲೆ ಮಾತ್ರ ಕಾಣುವಂತೆ ಮಡಿಚಿ ಬಾಲ್ಕನಿ ಬಿಸಿಲಿಗೆ ಹಾಕಿದೆ. ಮೂರನೇ ದಿನಕ್ಕೆ ಹುಡುಕಿದರೂ ಸಿಗದಷ್ಟು ಮಾಸಿತ್ತು.

ತಲೆ ಎಣ್ಣೆಯ ಜಿಡ್ಡಿಗೂ ಬರೀ ನೀರು ಸಾಲದು. ರಾತ್ರಿ ಕಾರ್ನ್‌ಫ್ಲೋರ್ ಉದುರಿಸಿ, ಬೆಳಿಗ್ಗೆ ವ್ಯಾಕ್ಯೂಮ್ ಮಾಡಿ, ಆಮೇಲೆ ಮಷಿನ್ ಹಿಡಿಯಬೇಕು. ಈಚೆಗೆ ಮಾವನವರು ತಾವೇ ಒಂದು ಟವೆಲ್ ಹೊದಿಸಿಕೊಂಡು ಕೂರುತ್ತಾರೆ. ಅದಕ್ಕಿಂತ ಒಳ್ಳೆಯ ಮಷಿನ್ ಇಲ್ಲ.

ಕೊಳ್ಳುವ ಮುಂಚೆ ಕುಶನ್ ಜಿಪ್ಪಿನ ಒಳಗಿನ ಲೇಬಲ್ ನೋಡಿ. 'ಡಬ್ಲ್ಯೂ' ಇದ್ದರೆ ನೀರು ತಾಗಿಸಬಹುದು. ಬರೀ 'ಎಸ್' ಇದ್ದರೆ ನೀರು ಕೂಡದು, ಡ್ರೈಕ್ಲೀನಿಂಗ್ ದ್ರಾವಣವೇ ಬೇಕು. 'ಎಕ್ಸ್' ಇದ್ದರೆ ವ್ಯಾಕ್ಯೂಮ್ ಬಿಟ್ಟು ಬೇರೇನೂ ಬೇಡ. ಪಕ್ಕದ ಮನೆಯವರಿಗೆ ಇದನ್ನು ಹೇಳದೆ ಮಷಿನ್ ಕೊಟ್ಟು, ಅವರ ಕುರ್ಚಿಯ ಮೇಲೆ ನೀರಿನ ಕಲೆ ಕೂರಿಸಿದ ಪಾಪ ನನ್ನ ತಲೆಗಿದೆ.

ಸದ್ದು ಮಿಕ್ಸಿಯಷ್ಟು. ಎರಡನೇ ವರ್ಷ ನೀರು ಸಣ್ಣಗೆ ಬರತೊಡಗಿತು. ನಾಝಲ್‌ನಲ್ಲಿ ಸುಣ್ಣ ಕಟ್ಟಿತ್ತು, ವಿನೆಗರ್‌ನಲ್ಲಿ ನೆನೆಸಿದೆ, ಸರಿಹೋಯಿತು. ಕೊಳೆನೀರಿನ ಟ್ಯಾಂಕ್ ಅವತ್ತೇ ತೊಳೆದಿಡಿ. ಮರೆತು ಊರಿಗೆ ಹೋಗಿದ್ದೆ, ಬಂದಾಗ ಮುಚ್ಚಳ ತೆಗೆಯೋಕೆ ಮೂಗು ಮುಚ್ಚಿಕೊಳ್ಳಬೇಕಾಯಿತು. ಆ ಮುಚ್ಚಳದ ರಬ್ಬರ್ ವಾಷರ್ ಹೋದ ವರ್ಷ ಸೀಳಿತು. ಸ್ಪೇರ್ ಬರಲೇ ಇಲ್ಲ. ಸೈಕಲ್ ಶಾಪಿನವರು ಹಳೇ ಟ್ಯೂಬ್ ಕತ್ತರಿಸಿ ಹತ್ತು ರೂಪಾಯಿಗೆ ಒಂದು ಮಾಡಿಕೊಟ್ಟರು. ಎಂಟು ತಿಂಗಳಾಯಿತು, ಇನ್ನೂ ಹನಿ ನೀರು ಸೋರಿಲ್ಲ.