ಹೊಸಕೋಟೆ ಕೆರೆಯ ಗೀಜಗ ವಾಕ್: ದುಡ್ಡಿಗೆ ಮೋಸ ಇಲ್ಲ, ಆದ್ರೆ ತಿಂಗಳು ನೋಡಿ ಹೋಗಿ

5ಕ್ಕೆ 4 ಸ್ಟಾರ್, ಅದೂ ಮಳೆಗಾಲದಲ್ಲಿ ಹೋದ್ರೆ ಮಾತ್ರ. ಗೈಡ್ ಜೊತೆ ನಡ್ಕೊಂಡು ಹಕ್ಕಿ ನೋಡೋ ಇದೇ ವಾಕ್‌ನ ವರ್ಷಪೂರ್ತಿ ಇದೇ ರೇಟಿಗೆ ಮಾರ್ತಾರೆ, ಅದ್ರ ಬಗ್ಗೆ ಆಮೇಲೆ ಬರ್ತೀನಿ.

ಗೀಜಗ ಅಂದ್ರೆ ಈಚಲು ಮರದಲ್ಲೋ ಬಾವಿ ಮೇಲೆ ಬಾಗಿರೋ ಜಾಲಿ ಕೊಂಬೇಲೋ ತೂಗಾಡೋ ಗೂಡು ನೆನಪಾಗುತ್ತಲ್ಲ, ಅದು ಬಯಾ ವೀವರ್. ಅದೇ ಕುಲದ ಇನ್ನೊಂದು ಹಕ್ಕಿ ಸ್ಟ್ರೀಕ್ಡ್ ವೀವರ್, ಇದು ಕೆರೆ ಜೊಂಡಲ್ಲೇ ಸಂಸಾರ ಮಾಡ್ಕೊಂಡಿರುತ್ತೆ, ಕಣ್ಣಿಗೆ ಬಿದ್ರೂ ಇದೂ ಗೀಜಗಾನೇ ಅಂದ್ಕೊಂಡು ಮುಂದೆ ಹೋಗೋರೇ ಜಾಸ್ತಿ. ಈ ವಾಕ್ ಇರೋದೇ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸೋಕೆ.

ಗೈಡ್ ಹುಡುಗ ಭಾಳ ಚೆನ್ನಾಗಿ ಹೇಳಿದ. ಎರಡರ ಗಂಡಿಗೂ ಹಳದಿ ಟೋಪಿ, ಕಪ್ಪು ಮುಖ, ಅದನ್ನ ನೋಡ್ತಾ ಕೂತ್ರೆ ಕನ್‌ಫ್ಯೂಸ್ ಆಗ್ತೀರ, ಸೀದಾ ಎದೆ ನೋಡಿ ಅಂದ. ಬಯಾಗೆ ಎದೇನೂ ಹಳದಿ, ಸ್ಟ್ರೀಕ್ಡ್‌ಗೆ ತಲೆ ಬಿಟ್ರೆ ಹಳದಿ ಇಲ್ಲ, ಮಾಸಲು ಬಿಳಿ ಎದೆ ಮೇಲೆ ಸ್ಕೆಚ್ ಪೆನ್ನಲ್ಲಿ ಎಳೆದಂಗೆ ದಪ್ಪ ಕಪ್ಪು ಗೆರೆ.

ನನಗೆ ಹಿಡಿಸಿದ್ದು ಗೂಡಿನ ಭಾಗ. ಬಯಾ ಗಂಡು ಹುಲ್ಲಿನ ಗರಿ ಅಂಚನ್ನ ಕೊಕ್ಕಲ್ಲಿ ಸ್ವಲ್ಪ ಕಚ್ಚಿ ಸೀಳಿ, ತುದಿ ಹಿಡ್ಕೊಂಡು ಹಾರಿಬಿಡುತ್ತೆ, ಉದ್ದದ ನಾರು ಹಂಗೇ ಕಿತ್ಕೊಂಡು ಬರುತ್ತೆ! ಗೂಡು ಅರ್ಧ ಆದಾಗ ಹೆಲ್ಮೆಟ್ ಥರ ಇರುತ್ತೆ, ಒಳಗೆ ಹಸಿ ಮಣ್ಣೂ ಮೆತ್ತಿರುತ್ತೆ, ಆಗ ಹೆಣ್ಣು ಬಂದು ಇನ್ಸ್‌ಪೆಕ್ಷನ್ ಮಾಡಿ ಒಪ್ಪಿದ್ರೆ ಮಾತ್ರ ಗಂಡು ಕೆಳಗಿನ ಕೊಳವೆ ಮುಗಿಸೋದು, ಮುಗಿಸಿ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನ ಕರೆಯೋಕೆ ಹೊರಡುತ್ತೆ ಭೂಪ. ಪಕ್ಷಿತಜ್ಞ ಸಲೀಂ ಅಲಿ 1930ರ ಹೊತ್ತಲ್ಲಿ ಮಹಾರಾಷ್ಟ್ರದ ಕಿಹೀಮ್‌ನಲ್ಲಿ ಕೂತು ಇದನ್ನೇ ನೋಡಿ ಬರೆದಿದ್ದು. ಸ್ಟ್ರೀಕ್ಡ್ ಗೂಡು ಹಿಂಗೆ ಒಂದು ಎಳೇಲಿ ಜೋತಾಡಲ್ಲ, ನಾಲ್ಕೈದು ಜೊಂಡಿನ ಗರಿ ತುದಿಗಳನ್ನ ಸೇರಿಸಿ ಹೆಣೆದು ಅಲ್ಲೇ ಕಟ್ಟುತ್ತೆ, ಕೊಳವೆ ಗಿಡ್ಡ, ಗುಂಪೂ ಚಿಕ್ಕದು. ಹಕ್ಕಿ ಕಾಣದಿದ್ರೂ ಗೂಡಲ್ಲೇ ಹೇಳ್ಬಹುದು.

ಬೇಜಾರಾಗಿದ್ದು ಅಂದ್ರೆ ಗುಂಪು ದೊಡ್ಡದು, ಬೈನಾಕ್ಯುಲರ್ ಕಮ್ಮಿ, ಅದರಲ್ಲೂ ಒಂದರ ಫೋಕಸ್ ಚಕ್ರ ಜಾಮ್. ಜೊಂಡಿನ ಹತ್ರ ಹೋಗಿ ಫೋಟೋ ತೆಗೀತೀನಿ ಅಂತ ಒಬ್ರು ಹೊರಟಾಗ ಗೈಡ್ ತಡೆದ, ಅದು ಇಷ್ಟ ಆಯ್ತು.

ಇನ್ನು ಜನವರಿ ಬ್ಯಾಚ್ ವಿಷ್ಯ. ಆಗ ಗಂಡುಗಳ ಹಳದಿ ಹೋಗಿ ಎಲ್ಲಾ ಗುಬ್ಬಿ ಥರ ಕಂದು ಆಗಿರ್ತವೆ, ಎದೆ ಗೆರೆ ಮತ್ತೆ ಕಿವಿ ಹಿಂದಿನ ಸಣ್ಣ ಹಳದಿ ಮಚ್ಚೆ ನೋಡಿ ಸ್ಟ್ರೀಕ್ಡ್ ಅನ್ನಬೇಕು, ಹೊಸಬರಿಗೆ ಅದು ಕಷ್ಟ. ಗೂಡು ಕಟ್ಟೋದಂತೂ ನೋಡೋಕೆ ಸಿಗಲ್ಲ. ಅದಕ್ಕೂ ಫುಲ್ ರೇಟ್ ಕೇಳೋದು ಸರಿ ಅಲ್ಲ ಸ್ವಾಮಿ, ವೆಬ್‌ಸೈಟಲ್ಲಿ ಹಳದಿ ಹಕ್ಕಿ ಫೋಟೋ ಬೇರೆ ಹಾಕಿರ್ತಾರೆ.

ಜುಲೈ, ಆಗಸ್ಟ್ ಬ್ಯಾಚ್ ಕೇಳಿ ಬುಕ್ ಮಾಡಿ. ಬೈನಾಕ್ಯುಲರ್ ಇದ್ರೆ ನಿಮ್ದೇ ತಗೊಂಡ್ಹೋಗಿ, ಶೂ ಹಳೇದು ಹಾಕ್ಕೊಳ್ಳಿ, ದಂಡೆ ಪೂರ್ತಿ ಕೆಸರು.