ದ್ವೀಪದ ರೆಸಾರ್ಟ್ ಬುಕ್ ಮಾಡುವ ಮುಂಚೆ ಕಂಪ್ರೆಸರ್ ಎಲ್ಲಿದೆ ಅಂತ ಕೇಳಿ

ಸ್ಕೂಬಾ ಡೈವಿಂಗ್‌ಗೆಂದು ಪುಟ್ಟ ದ್ವೀಪದ ರೆಸಾರ್ಟ್ ಹುಡುಕುತ್ತಿದ್ದರೆ ಹಣ ಕಟ್ಟುವ ಮುಂಚೆ ಇದನ್ನು ಓದಿ. ನಾವು ಹೋದ ರೆಸಾರ್ಟಿನ ಹೆಸರು ಬರೆಯುವುದಿಲ್ಲ. ಬರೆದರೆ ನೀವು ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದಕ್ಕೆ ಹೋಗುತ್ತೀರಿ, ಅಷ್ಟೆ.

ರೂಮು ಚೆನ್ನಾಗಿತ್ತು. ಕಡಲತೀರವೂ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಕೆಟ್ಟದ್ದು ಡೈವ್ ಸೆಂಟರ್. ಇಷ್ಟು ಚಿಕ್ಕ ದ್ವೀಪದಲ್ಲಿ ಇರುವುದೇ ಒಂದು ಸೆಂಟರ್. ಸರಿಯಿಲ್ಲ ಅನ್ನಿಸಿದರೆ ಬೇರೆಯವರ ಹತ್ತಿರ ಹೋಗೋಣ ಅನ್ನುವ ಹಾಗಿಲ್ಲ, ಸುತ್ತ ನೀರು. ರೆಸಾರ್ಟಿನವರನ್ನು ಕೇಳಿದರೆ, "ಡೈವಿಂಗ್ ನಮ್ಮದಲ್ಲ, ಅದನ್ನು ನಡೆಸುವವರೇ ಬೇರೆ" ಎಂದರು. ಬುಕಿಂಗ್ ಪುಟದಲ್ಲಿ ಮಾತ್ರ ಎರಡಕ್ಕೂ ಸೇರಿ ಒಂದೇ ಹೆಸರು, ಒಂದೇ ಬಿಲ್ಲು.

ಮೊದಲ ಡೈವ್‌ನಲ್ಲೇ ಬಾಯಿಗೆ ಎಣ್ಣೆಯ ವಾಸನೆ ಬಂತು. ಮೇಲೆ ಬಂದಾಗ ನನಗೂ ನನ್ನ ಗೆಳತಿಗೂ ತಲೆ ಸಿಡಿಯುತ್ತಿತ್ತು. ಅವಳಿಗೆ ವಾಂತಿಯೂ ಆಯಿತು. ಗೈಡ್ ನಕ್ಕು, "ಹೊಸಬರಿಗೆ ಹಾಗಾಗುತ್ತೆ, ಕಡಲ ಬೇನೆ" ಎಂದ. ಇಬ್ಬರೂ ಹೊಸಬರಲ್ಲ, ಸಮುದ್ರವೂ ಅವತ್ತು ಶಾಂತವಾಗಿತ್ತು. ಸಂಜೆ ಸೆಂಟರಿನ ಹಿಂದೆ ಹೋಗಿ ನೋಡಿದೆ. ಟ್ಯಾಂಕಿಗೆ ಗಾಳಿ ತುಂಬುವ ಕಂಪ್ರೆಸರ್ ಪಕ್ಕದಲ್ಲೇ ದ್ವೀಪಕ್ಕೆಲ್ಲ ಕರೆಂಟ್ ಕೊಡುವ ಡೀಸೆಲ್ ಜನರೇಟರ್! ಕಂಪ್ರೆಸರ್ ಗಾಳಿ ಎಳೆದುಕೊಳ್ಳುವ ಪೈಪು ಒಂದು ಕಡೆ, ಜನರೇಟರಿನ ಹೊಗೆ ಕೊಳವೆ ಅದರಿಂದ ನಾಲ್ಕು ಹೆಜ್ಜೆ ದೂರ. ಗಾಳಿ ತಿರುಗಿದರೆ ಹೊಗೆ ನೇರ ಟ್ಯಾಂಕಿಗೆ.

ಇದರಲ್ಲಿ ಅಪಾಯ ಏನು ಅಂದರೆ, ಹೊಗೆಯಲ್ಲಿ ಇರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ನಮಗೆ ಎಣ್ಣೆ ವಾಸನೆ ಬಂದದ್ದು ಒಂದು ಲೆಕ್ಕದಲ್ಲಿ ಪುಣ್ಯ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ಆಳಕ್ಕೆ ಹೋದಷ್ಟೂ ಅದರ ಒತ್ತಡ ಜಾಸ್ತಿ. 20 ಮೀಟರ್ ಕೆಳಗೆ ಒತ್ತಡ ಮೇಲಿನದರ ಮೂರು ಪಟ್ಟು, ಅಂದರೆ ಟ್ಯಾಂಕಿನಲ್ಲಿ ಸ್ವಲ್ಪವೇ ಇದ್ದರೂ ದೇಹಕ್ಕೆ ಮೂರು ಪಟ್ಟು ಇದ್ದ ಹಾಗೆ. ಅದಕ್ಕೇ ಡೈವಿಂಗ್ ಗಾಳಿಗೆ ಮಿತಿ ತುಂಬಾ ಬಿಗಿ. ಅಮೆರಿಕದಲ್ಲಿ ಬಳಸುವ ಗ್ರೇಡ್ ಇ ಮಾನದಂಡದಲ್ಲಿ ಹತ್ತು ಲಕ್ಷ ಭಾಗ ಗಾಳಿಗೆ 10 ಭಾಗ ಮೀರುವಂತಿಲ್ಲ. ಇದನ್ನು ಅಳೆಯಲು ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಮೀಟರ್ ಸಿಗುತ್ತದೆ. "ಮೀಟರ್ ಇದೆಯಾ?" ಎಂದು ಕೇಳಿದೆ. ಇಲ್ಲ. "ಗಾಳಿಯ ಪರೀಕ್ಷೆ ಯಾವಾಗ ಮಾಡಿಸಿದ್ದು?" ಮ್ಯಾನೇಜರ್ ಮುಖ ಗಂಟಿಕ್ಕಿದ. ಟ್ಯಾಂಕ್‌ಗಳ ಮೇಲೆ ಒತ್ತಡ ಪರೀಕ್ಷೆಯ ತಾರೀಕು ಅಚ್ಚೊತ್ತಿರುತ್ತದೆ. ಹಲವು ದೇಶಗಳಲ್ಲಿ 5 ವರ್ಷಕ್ಕೊಮ್ಮೆ ಆಗಲೇಬೇಕಾದ ಪರೀಕ್ಷೆ ಅದು. ನಾನು ನೋಡಿದ ಟ್ಯಾಂಕಿನ ತಾರೀಕಿನ ಮೇಲೆ ದಪ್ಪಗೆ ಬಣ್ಣ ಬಳಿದಿದ್ದರು.

ನಾನು ಅಲ್ಲಿಗೇ ಡೈವಿಂಗ್ ನಿಲ್ಲಿಸಿದೆ. ಬೇರೆ ಅತಿಥಿಗಳು ನಿಲ್ಲಿಸಲಿಲ್ಲ. ದೋಣಿಯಲ್ಲಿ ಕೂತು ನೋಡಿದ್ದನ್ನು ಹೇಳುತ್ತೇನೆ. ಗೈಡ್ ಒಬ್ಬನೇ. ಅವನ ಹಿಂದೆ ನೂರಾರು ಡೈವ್ ಮಾಡಿದವರೂ ಇದ್ದರು, ಹಿಂದಿನ ವಾರ ಕಲಿತವರೂ ಇದ್ದರು. ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಇದ್ದವರಿಗೆ 18 ಮೀಟರ್ ಮಿತಿ. ಮೇಲೆ ಬಂದ ಹುಡುಗನ ಡೈವ್ ಕಂಪ್ಯೂಟರ್ 31 ತೋರಿಸುತ್ತಿತ್ತು. ಅವನಿಗೆ ಅದೇ ಖುಷಿ! ದೋಣಿಯಲ್ಲಿ ಆಮ್ಲಜನಕದ ಹಸಿರು ಪೆಟ್ಟಿಗೆ ಇತ್ತು. ತೆರೆದು ನೋಡಿದರೆ ಗೇಜ್ ಸೊನ್ನೆಯಲ್ಲಿತ್ತು. ಡಿಕಂಪ್ರೆಷನ್ ಕಾಯಿಲೆ (ಆಳದಿಂದ ಮೇಲೆ ಬಂದಾಗ ಒತ್ತಡ ಇಳಿದು ಮೈಯೊಳಗೆ ಸಾರಜನಕದ ಗುಳ್ಳೆ ಏಳುವುದು) ಬಂದವರಿಗೆ ಮೊದಲು ಕೊಡಬೇಕಾದ್ದೇ ಶುದ್ಧ ಆಮ್ಲಜನಕ. ಆಮೇಲೆ ಒತ್ತಡದ ಚೇಂಬರ್ ಇರುವ ಆಸ್ಪತ್ರೆಗೆ ಸಾಗಿಸಬೇಕು. ಚಿಕ್ಕ ದ್ವೀಪಗಳಲ್ಲಿ ಅಂಥದ್ದು ಇರುವುದು ಅಪರೂಪ. ಸಾಗಿಸಲು ಗಂಟೆಗಟ್ಟಲೆ ಬೇಕು. ಹಾಗಿರುವಾಗ ದೋಣಿಯ ಪೆಟ್ಟಿಗೆ ಖಾಲಿ ಇದ್ದರೆ ಏನರ್ಥ? ಅಂದಹಾಗೆ, ಸಾಮಾನ್ಯ ಪ್ರವಾಸ ವಿಮೆಯಲ್ಲಿ ಡೈವಿಂಗ್ ಸೇರಿದೆ ಅಂತ ನಂಬಬೇಡಿ. ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ, ಇಲ್ಲವೇ ಇಷ್ಟೇ ಆಳದವರೆಗೆ ಎಂದಿರುತ್ತದೆ. ಡಾನ್ (ಡೈವರ್ಸ್ ಅಲರ್ಟ್ ನೆಟ್‌ವರ್ಕ್) ಥರದ ಡೈವರ್‌ಗಳದ್ದೇ ಸಂಸ್ಥೆಗಳು ಇದಕ್ಕೆಂದೇ ವಿಮೆ ಕೊಡುತ್ತವೆ.

ಹೌಸ್ ರೀಫ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರೂಮಿನಿಂದ ನಡೆದು ಹೋಗಿ ಇಳಿಯಬಹುದಾದ ಹವಳದ ದಿಬ್ಬ ಅಂತ ಜಾಹೀರಾತು. ಇಳಿದರೆ ಬೂದು ಬಣ್ಣದ ಚೂರು, ಮೇಲೆ ಪಾಚಿ. ನೀರು ಬಿಸಿಯಾಗಿ ಹವಳ ಬಿಳುಚುವುದು 1998ರಲ್ಲಿ, 2016ರಲ್ಲಿ ಜಗತ್ತಿನಾದ್ಯಂತ ಆಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳುಚುವಿಕೆ ಘೋಷಿಸಿದರು. ಅದು ರೆಸಾರ್ಟಿನವರ ತಪ್ಪಲ್ಲ. ಹಳೇ ಫೋಟೋ ಹಾಕಿ ದುಡ್ಡು ಕೇಳುವುದು ಮಾತ್ರ ಅವರದೇ. ಇತ್ತೀಚೆಗೆ ಬಂದು ಹೋದ ಅತಿಥಿಗಳು ತೆಗೆದ ವೀಡಿಯೊ ಹುಡುಕಿ ನೋಡಿ, ರೆಸಾರ್ಟಿನದನ್ನಲ್ಲ. ಬೆಲೆ ಅರ್ಧಕ್ಕರ್ಧ ಇಳಿದಿದ್ದರೆ ಆ ತಿಂಗಳು ಅಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದೂ ನೋಡಿ. ಅಲೆ ಎದ್ದ ದಿನ ದೋಣಿ ಒಳ್ಳೆಯ ಜಾಗಗಳಿಗೆ ಹೋಗುವುದಿಲ್ಲ. ದ್ವೀಪದ ಮರೆಯಲ್ಲಿ ಅದೇ ಮಬ್ಬು ನೀರಿಗೆ ಮತ್ತೆ ಮತ್ತೆ ಇಳಿಸುತ್ತಾರೆ.

ಇಷ್ಟೆಲ್ಲ ಅಲ್ಲಿಗೆ ಹೋದ ಮೇಲೆ ಗೊತ್ತಾದರೆ ಏನು ಲಾಭ, ಅಲ್ವಾ? ಬುಕ್ ಮಾಡುವ ಮುಂಚೆ ನೇರ ಡೈವ್ ಸೆಂಟರಿಗೇ ಬರೆಯಿರಿ, ರಿಸೆಪ್ಷನ್‌ಗಲ್ಲ. ಕಂಪ್ರೆಸರ್ ಎಲ್ಲಿದೆ, ಗಾಳಿ ಪರೀಕ್ಷೆಯ ಈಚಿನ ವರದಿ ಕಳಿಸುತ್ತೀರಾ, ಒಬ್ಬ ಗೈಡ್ ಹಿಂದೆ ಎಷ್ಟು ಜನ, ದೋಣಿಯಲ್ಲಿ ಆಮ್ಲಜನಕ ಇದೆಯಾ, ಹತ್ತಿರದ ಚೇಂಬರ್ ಎಲ್ಲಿ, ಅಲ್ಲಿಗೆ ಹೇಗೆ ಸಾಗಿಸುತ್ತೀರಿ. ಒಳ್ಳೆಯ ಸೆಂಟರಿನವರಿಗೆ ಇಂಥ ಪ್ರಶ್ನೆ ಬೇಜಾರಿಲ್ಲ. ಆಮೇಲೆ ಕೇಳಿದ ಒಂದು ಕಡೆಯವರು ಅದೇ ದಿನ ವರದಿಯ ಫೋಟೋ ಕಳಿಸಿದರು. ನನ್ನ ಮೆಡಿಕಲ್ ಫಾರಂ ಯಾಕೆ ಬಂದಿಲ್ಲ ಅಂತ ತಿರುಗಿ ನನ್ನನ್ನೇ ವಿಚಾರಿಸಿದರು. ಇನ್ನೊಂದು ಕಡೆಯಿಂದ "ಬನ್ನಿ, ಎಲ್ಲ ಸರಿಯಿದೆ" ಎಂಬ ಒಂದೇ ಸಾಲು ಬಂತು. ಅವರನ್ನು ಅಲ್ಲಿಗೇ ಬಿಟ್ಟೆ.

ಹಣದ ವಿಷಯ. ಡೈವ್‌ಗಳ ದುಡ್ಡು ರೂಮಿನ ಜೊತೆ ಸೇರಿಸಿ ಮೊದಲೇ ಕಟ್ಟಬೇಡಿ. ನಮಗೆ ಮಾಡದ ಡೈವ್‌ಗಳ ಒಂದು ಪೈಸೆಯೂ ವಾಪಸ್ ಬರಲಿಲ್ಲ. "ನೀವೇ ಬೇಡ ಅಂದಿರಿ" ಎಂಬ ಉತ್ತರ. ಒಂದು ಡೈವ್ ಮಾಡಿ, ಸರಿ ಅನ್ನಿಸಿದರೆ ಉಳಿದದ್ದಕ್ಕೆ ಕೊಡಿ. ಪ್ಯಾಕೇಜಿನ ಕೊನೆಯ ದಿನವನ್ನೂ ಓದಿ ನೋಡಿ. ನಮ್ಮದರಲ್ಲಿ ಬೆಳಿಗ್ಗೆ ಡೈವ್, ಮಧ್ಯಾಹ್ನ ವಿಮಾನ ಎಂದಿತ್ತು! ಒಂದೇ ಡೈವ್ ಆಗಿದ್ದರೂ ಕಡಿಮೆಯೆಂದರೆ 12 ಗಂಟೆ, ಹಲವು ದಿನ ಡೈವ್ ಮಾಡಿದ್ದರೆ 18 ಗಂಟೆ ವಿಮಾನ ಹತ್ತಬಾರದು, ಹತ್ತಿದರೆ ಅದೇ ಡಿಕಂಪ್ರೆಷನ್ ಕಾಯಿಲೆಯ ಭಯ. ಪ್ಯಾಕೇಜಿನಲ್ಲಿ ಹಾಗೆ ಬರೆದವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಡೈವ್‌ಗಳ ಲೆಕ್ಕ ತುಂಬಿಸಲು ಸೇರಿಸಿದರೋ. ಎರಡರಲ್ಲಿ ಯಾವುದಾದರೂ ನೀವು ಅಲ್ಲಿಗೆ ಹೋಗಬೇಕಾಗಿಲ್ಲ.